ನಿಧಾನದ ಮದ್ದು

ಆನೆಯ ಕಣ್ಣಿಗೂ ಕಿವಿಗೂ ನಡುವೆ ಒಂದು ಕರಿಯ ಗೆರೆ ಹುಟ್ಟಿ, ಕೆನ್ನೆಯ ಮೇಲೆ ಜಿನುಗುತ್ತ ಬಾಯಿಯ ಅಂಚಿಗೆ ಇಳಿದಿತ್ತು. ದೇವಸ್ಥಾನದ ಹಿಂದಿನ ಹುಣಸೆಮರಕ್ಕೆ ಸರಪಳಿಯಲ್ಲಿ ಕಟ್ಟಿದ್ದ ಮಾಧವನಿಗೆ ಮದ ಬಂದಿತ್ತು.

ನಮ್ಮದು ಕಾವ್ಯ ಓದುವವರ ಮನೆ. ನಾನು ಮಾತ್ರ ಓದುವವನಲ್ಲ, ಕೇಳುವವನು. ದೇವಸ್ಥಾನದ ಹಜಾರದಲ್ಲಿ ವಾಚನ ನಡೆದಾಗ ಕಂಬಕ್ಕೊರಗಿ ಕೂತಿರುತ್ತಿದ್ದೆ. ಆನೆಯ ಮದಜಲಕ್ಕೆ ದುಂಬಿಗಳು ಮುತ್ತುವ ಪದ್ಯ ಬಂದರೆ ಮುಂದಿನ ಸಾಲಿನ ಹಿರಿಯರು ತಲೆದೂಗಿ ತಲೆದೂಗಿ ಸುಸ್ತಾಗುತ್ತಿದ್ದರು. ಅದೇ ಹಿರಿಯರು ಅದೇ ಹಜಾರದಲ್ಲಿ ಕೂತು ಮಾಧವನನ್ನು ಕೊಲ್ಲಿಸಲು ತೀರ್ಮಾನಿಸಿದರು. ಪದ್ಯದಲ್ಲಿ ದುಂಬಿಗಳಿದ್ದವು, ಹುಣಸೆಮರದಡಿ ನೊಣಗಳಿದ್ದವು. ಅವರ ರಸಿಕತೆ ಸಾಯಲು ಅಷ್ಟು ವ್ಯತ್ಯಾಸ ಸಾಕಾಯಿತು.

ಮೂಲ ಕಾರಣ ಧರ್ಮದರ್ಶಿ ಶಂಕರಲಿಂಗಯ್ಯನವರ ಜರಿಶಾಲು. ಅದನ್ನು ಹೊದ್ದು ಬೆಲ್ಲ ತಿನ್ನಿಸಲು ಹೋದವರನ್ನು ಮಾಧವ ಶಾಲುಸಮೇತ ಎತ್ತಿ ಕಲ್ಯಾಣಿಗೆ ಹಾಕಿದ್ದ. ಪೆಟ್ಟೇನೂ ಆಗಲಿಲ್ಲ. ಆದರೆ ಕೊಡ ತುಂಬುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ನಕ್ಕವರನ್ನು ಗುಂಡಿಕ್ಕಿ ಕೊಲ್ಲುವ ಹಾಗಿರಲಿಲ್ಲ. ಸಭೆಯಲ್ಲಿ ಧರ್ಮದರ್ಶಿಗಳು ಊರಿನ ಮಕ್ಕಳ ಪ್ರಾಣದ ಬಗ್ಗೆ ಗದ್ಗದರಾಗಿ ಮಾತಾಡಿದರು. ಕಲ್ಯಾಣಿಯ ಸುದ್ದಿ ಯಾರೂ ಎತ್ತಲಿಲ್ಲ.

ಮಾವುತ ಹುಸೇನಸಾಬ ಮೆಟ್ಟಿಲ ಕೆಳಗೆ ಕೈಮುಗಿದು ನಿಂತಿದ್ದ. "ಮದ ತಾನಾಗೇ ಇಳೀತದೆ ಸ್ವಾಮಿ. ಆ ಗೆರೆ ಒಣಗೋವರೆಗೆ ತಡ್ಕೊಳ್ಳಿ, ಅಷ್ಟೇ."

"ಗೆರೆ ನೋಡಿ ಭವಿಷ್ಯ ಹೇಳೋಕೆ ಯಾವಾಗ ಕಲಿತ್ಯೋ?" ಎಂದ ವಕೀಲ ಸೂರಪ್ಪ. ಹಜಾರವೆಲ್ಲ ನಕ್ಕಿತು.

ಊರಲ್ಲಿ ಆನೆ ಬೀಳಿಸುವಂಥ ಕೋವಿ ಇದ್ದದ್ದು ಜಮೀನ್ದಾರ ಮಾಚಯ್ಯನವರಲ್ಲಿ ಮಾತ್ರ. ಬೇಟೆ ಬಿಟ್ಟಿದ್ದರೂ ತೋಟಾಗಳಿಗೆ ಮದ್ದನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಕರೆಸಿ ಕೇಳಿದಾಗ ಅವರು ಆಗದು ಎನ್ನಲಿಲ್ಲ. ಎಂದಿದ್ದರೆ ಪಕ್ಕದೂರಿನ ಇನ್ನೊಬ್ಬ ಬರುತ್ತಿದ್ದ. ಆನೆಗೆ ಭಾರದ ಗುಂಡು ಬೇಕು, ಭಾರದ ಗುಂಡಿಗೆ ನಿಧಾನವಾಗಿ ಉರಿಯುವ ಮದ್ದೇ ಬೇಕು, ಬೇಗ ಉರಿಯುವುದನ್ನು ತುಂಬಿದರೆ ಕೋವಿಯೇ ಒಡೆದೀತು ಎಂದು ವಿವರಿಸಿದರು. ಆಮೇಲೆ ಎಲೆಯಡಿಕೆ ಮಡಿಸುತ್ತ ಹೇಳಿದರು:

"ನಿಧಾನದ್ರಲ್ಲೂ ಹಲವು ಥರ ಉಂಟು. ದೇವರ ಆನೆ ಇದು, ನಾನೊಬ್ಬನೇ ಆರಿಸೋದು ತರವಲ್ಲ. ತಿಳಿದೋರು ಇಷ್ಟು ಜನ ಇದ್ದೀರಿ. ಒಮ್ಮತದಿಂದ ಒಂದು ಹೇಳಿ, ಅದನ್ನೇ ತುಂಬ್ತೀನಿ."

ತನಗೆ ತಿಳಿಯದು ಎನ್ನುವ ಗಂಡಸು ಆ ಹಜಾರದಲ್ಲಿ ಒಬ್ಬನೂ ಇರಲಿಲ್ಲ.

ಹಬ್ಬದ ಪಟಾಕಿಗೆ ಬೆಚ್ಚಿ ಒಳಕೋಣೆ ಸೇರುತ್ತಿದ್ದ ಸೂರಪ್ಪ ಮದ್ದಿನ ಪಂಡಿತನಾದ. ನಿಧಾನವೇ ಪ್ರಧಾನ, ಆದ್ದರಿಂದ ಎಲ್ಲಕ್ಕಿಂತ ನಿಧಾನದ್ದೇ ಆಗಬೇಕೆಂದು ವಾದಿಸಿದ. ತೀರಾ ನಿಧಾನವಾದರೆ ಗುಂಡು ತಲುಪುವಷ್ಟರಲ್ಲಿ ಆನೆ ಪಕ್ಕಕ್ಕೆ ಸರಿದೀತು ಎಂದು ಧರ್ಮದರ್ಶಿಗಳು ಆಕ್ಷೇಪಿಸಿದರು. ಇಬ್ಬರ ಹಿಂದೆಯೂ ಪಕ್ಷ ಕಟ್ಟಿತು. ಮಾಚಯ್ಯನವರು ಪ್ರತಿಯೊಬ್ಬರಿಗೂ "ಅದೂ ಒಂದು ಮಾತೇ" ಎನ್ನುತ್ತಿದ್ದರು. ಯಾರಾದರೂ ಒಪ್ಪುವ ಹಾಗೆ ಕಂಡರೆ ಮತ್ತೊಂದು ಬಗೆಯ ಮದ್ದಿನ ಹೆಸರು ಹೇಳುತ್ತಿದ್ದರು. ಆ ಹೆಸರು ತಮಗೆ ಮೊದಲೇ ಗೊತ್ತಿದ್ದಂತೆ ಎಲ್ಲರೂ ಹೂಂಗುಟ್ಟುತ್ತಿದ್ದರು. ಒಮ್ಮೆ ಮಾಚಯ್ಯನವರ ನೋಟ ನನ್ನ ಮೇಲೆ ಬಿತ್ತು. ನಾನು ಕೇಳುವವನು, ಸುಮ್ಮನಿದ್ದೆ.

ವಾರಗಟ್ಟಲೆ ನಡೆದ ಆ ಸಭೆಗಳಿಂದ ಮನೆಗೆ ಹೋಗುವಾಗ ಹುಣಸೆಮರದ ಕಡೆ ಹಾಯುತ್ತಿದ್ದೆ. ಹುಸೇನಸಾಬ ದೂರದಿಂದಲೇ ಕೋಲಿನ ತುದಿಯಲ್ಲಿ ಹುಲ್ಲು ನೂಕುತ್ತ ಏನೇನೋ ಹೇಳಿ ಮಾಧವನನ್ನು ಮಾತಾಡಿಸುತ್ತಿದ್ದ. ಕೆನ್ನೆಯ ಗೆರೆ ಮೊದಲು ತೆಳುವಾಯಿತು, ಬರಬರುತ್ತ ಬೂದಿ ಬಣ್ಣಕ್ಕೆ ತಿರುಗಿತು.

ಅಂತೂ ಎರಡು ಪಕ್ಷವೂ ದಣಿದು ಒಂದು ಮದ್ದಿಗೆ ಒಪ್ಪಿ, ದೂರದಿಂದ ಅದರ ಡಬ್ಬಿ ತರಿಸುವಷ್ಟರಲ್ಲಿ ಮಾಧವ ಹುಸೇನಸಾಬನನ್ನು ಹೆಗಲೇರಿಸಿಕೊಂಡು ಹೊಳೆಗೆ ಹೋಗಿಬರತೊಡಗಿದ್ದ. ಮಕ್ಕಳು ಹಿಂದೆ ಓಡುತ್ತಿದ್ದವು. ಶಂಕರಲಿಂಗಯ್ಯನವರು ಡಬ್ಬಿಯನ್ನು ತಾವೇ ಹೊತ್ತು ಅಂಗಳಕ್ಕೆ ತಂದರು.

"ಇನ್ನೇನು ಮಾಚಯ್ಯನೋರೇ, ತುಂಬಿ."

"ಮದ ಇಳಿದ ದೇವರ ಆನೆಗೆ ಹೊಡೆದರೆ ಯಾತಕ್ಕೆ ಅಂತ ಊರು ಕೇಳ್ತದೆ. ಕಲ್ಯಾಣಿ ಕತೆ ನೀವು ಹೇಳ್ತೀರೋ, ನಾನು ಹೇಳಲೋ?"

ಧರ್ಮದರ್ಶಿಗಳು ಡಬ್ಬಿಯನ್ನು ಕೆಳಗಿಟ್ಟರು. ಇಷ್ಟು ಕಷ್ಟಪಟ್ಟು ಆರಿಸಿದ ಮದ್ದನ್ನು ಏನು ಮಾಡುವುದು ಎಂದು ಸೂರಪ್ಪ ಕೇಳಿದ. ಮಾಚಯ್ಯನವರು ಡಬ್ಬಿ ಬಿಚ್ಚಿ ಒಂದು ಹಿಡಿಯಷ್ಟನ್ನು ಅಂಗಳದ ಚಪ್ಪಡಿಯ ಮೇಲೆ ಸುರಿದು, ಉದ್ದನೆಯ ಕಡ್ಡಿಗೆ ಬೆಂಕಿ ಹಚ್ಚಿದರು. ಊರಿನ ಮುಖಂಡರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿ ಗೋಡೆಗೆ ಮುಖ ಮಾಡಿ ನಿಂತರು.

ತೋಟಾದೊಳಗೆ ತುಂಬದೆ ಬಯಲಿಗೆ ಸುರಿದ ಆ ಮದ್ದು ಸಿಡಿಯುವುದಿಲ್ಲ. ಹಳದಿ ಜ್ವಾಲೆಯೊಂದು ಸದ್ದಿಲ್ಲದೆ ಎದ್ದು, ಒಮ್ಮೆ ಬಳುಕಿ, ಆರಿಹೋಯಿತು. ಮಾಚಯ್ಯನವರು ಕೈ ಒರೆಸಿಕೊಂಡು ಮನೆಯ ದಾರಿ ಹಿಡಿದರು. ಚಪ್ಪಡಿ ತಣ್ಣಗಾದ ಮೇಲೂ ಮುಖಂಡರೆಲ್ಲ ಸಾಲಾಗಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಆ ದೊಡ್ಡ ಸದ್ದಿಗಾಗಿ ಕಾಯುತ್ತ ನಿಂತೇ ಇದ್ದರು.