ಹಿಂಬದಿಯ ಹೊಲಿಗೆ

ವಾಚನಾಲಯದ ಹನ್ನೆರಡು ಕುರ್ಚಿಗಳಿಗೆ ಕಸೂತಿ ಹೊದಿಕೆ ಹೊಲಿದುಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಗ್ರಂಥಪಾಲಕಿ ಫೋನ್ ಮಾಡಿ, "ಒಂದ್ಸಲ ಬಂದು ನೋಡ್ಕೊಂಡು ಹೋಗಿ ಮೇಡಂ" ಎಂದಷ್ಟೇ ಹೇಳಿದರು. ಆ ದನಿಯ ಸೌಜನ್ಯವೇ ತಂಗಿಗೆ ಚುಚ್ಚಿತು.

ಅಕ್ಕ ತಂಗಿ ಇಬ್ಬರೇ ನಡೆಸುವ ಅಂಗಡಿ ಅದು. ಗಿರಾಕಿಗಳ ಜೊತೆ ಮಾತು ಅಕ್ಕನದು, ಸೂಜಿ ತಂಗಿಯದು. ಕುರ್ಚಿಗಳ ಕೆಲಸ ಬಂದಾಗ ತಂಗಿ ಹಟ ಹಿಡಿದಿದ್ದಳು. ಗಂಜಿ ಹಾಕಿ ಬಿಗಿ ಮಾಡಿದ ಕ್ಯಾನ್ವಾಸು ಬೇಡ, ನೂಲೇ ಗಟ್ಟಿಯಿರುವ ಹತ್ತಿಯದು ಬೇಕು. ದಾರ ಉದ್ದ ಎಳೆಯ ಉಣ್ಣೆಯದೇ ಆಗಬೇಕು. ಹೊಲಿಗೆ ಓರೆಯಾಗಿ ಸಾಗಬೇಕು, ಹಿಂಬದಿಯಲ್ಲಿ ಬುಟ್ಟಿ ಹೆಣೆದಂತೆ ದಪ್ಪಗೆ ಕೂರಬೇಕು. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸುತ್ತಲೇ ಇರಲಿಲ್ಲ. ಉದ್ದವಾದರೆ ತೂತಿನಿಂದ ತೂತಿಗೆ ಉಜ್ಜಿಕೊಂಡೇ ಅದು ಅರ್ಧ ಸವೆದಿರುತ್ತದೆ ಎನ್ನುತ್ತಿದ್ದಳು. ಆರು ಹೊದಿಕೆ ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿಯಿತು. "ಉಳಿದಿದ್ದು ನಾನು ನೋಡ್ಕೋತೀನಿ, ನೀನು ಸುಮ್ನೆ ಮಲಗು" ಎಂದಿದ್ದಳು ಅಕ್ಕ.

ಈಗ ವಾಚನಾಲಯದಲ್ಲಿ ತಂಗಿ ಹೊಲಿದ ಆರು ಕುರ್ಚಿಗಳು ಹೊಸದರಂತೆಯೇ ಇದ್ದವು. ಉಳಿದ ಆರರ ಮೈತುಂಬ ಸವೆದ ದಾರದ ಜುಂಗಿನ ಗುಳ್ಳೆಗಳು. ತೊಡೆ ಉಜ್ಜುವ ಮುಂದಿನ ಅಂಚಿನಲ್ಲಂತೂ ದಾರ ಹೋಗಿ ಕ್ಯಾನ್ವಾಸು ಹಲ್ಲು ಕಿರಿಯುತ್ತಿತ್ತು. ತಂಗಿ ಸ್ಕ್ರೂಡ್ರೈವರ್ ಕೇಳಿ ಪಡೆದು, ನೆಲದ ಮೇಲೆ ಕೂತು, ಒಂದು ಕುರ್ಚಿಯ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. ಓದುತ್ತಿದ್ದವರು ತಲೆಯೆತ್ತಿ ನೋಡಿದರು. ಹೊದಿಕೆ ತಿರುಗಿಸಿದರೆ ಹಿಂಬದಿಯಲ್ಲಿ ಹೊಲಿಗೆಯೇ ಇಲ್ಲವೆನ್ನಬೇಕು. ಅಲ್ಲೊಂದು ಇಲ್ಲೊಂದು ಗೀಟು. ಮುಂದೆ ಮಾತ್ರ ತುಂಬಿ ಕಾಣುವ ಅರ್ಧ ಹೊಲಿಗೆ. ಉಣ್ಣೆಯಲ್ಲ, ಅಕ್ರಿಲಿಕ್. ಅದನ್ನಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮುಂಬದಿಯ ಮೂಲೆಯಲ್ಲಿ ನೀಲಿ ದಾರದ ಪುಟ್ಟ ಎಲೆ ಇತ್ತು. ಅವಳದೇ ಗುರುತು. ಆರಕ್ಕೆ ಆರರಲ್ಲೂ.

"ಇವು ನಾನು ಹೊಲಿದಿದ್ದಲ್ಲ" ಎಂದಳು.

"ಗುರುತು ನಿಮ್ದೇ ಅಲ್ವಾ?" ಎಂದರು ಗ್ರಂಥಪಾಲಕಿ. ತಂಗಿಯ ಕಿವಿ ಕಾದ ಹೆಂಚಿನಂತಾಗಿತ್ತು.

ಹೊದಿಕೆಯನ್ನು ಮುದುರಿ ಹಿಡಿದು ಬಿರಬಿರನೆ ಅಂಗಡಿಗೆ ಬಂದವಳೇ, ಅಕ್ಕ ದಾರ ಸುತ್ತುತ್ತಿದ್ದ ಮೇಜಿನ ಮೇಲೆ ಅದನ್ನು ಮಗುಚಿ ಹಾಕಿದಳು.

"ಏನಿದು?"

ಅಕ್ಕ ಒಮ್ಮೆ ನೋಡಿದಳು. "ಹೇಳಿದ ದಿನಕ್ಕೆ ಕೊಡಬೇಕಿತ್ತಲ್ಲ. ನೀನು ಕೈ ಕಟ್ಕೊಂಡು ಕೂತಿದ್ದೆ. ಹಿಂದುಗಡೆ ಯಾರೇ ನೋಡ್ತಾರೆ?"

"ಗೋಡೆಗೆ ನೇತು ಹಾಕೋ ಪಟ ಅಂದ್ಕೊಂಡ್ಯಾ? ಕುರ್ಚಿ ಕಣೇ ಅದು! ಕಣ್ಣಿಗೆ ಗೊತ್ತಾಗದೇ ಇದ್ರೂ ಕುಂಡೆಗೆ ಗೊತ್ತಾಗುತ್ತೆ!"

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

"ಬಾಯಿ ಹಿಡಿತದಲ್ಲಿರಲಿ. ನಿನಗೆ ಸೂಜಿ ಹಿಡಿಯೋಕೆ ಕಲಿಸಿದವಳು ನಾನು."

"ಹೌದು. ಹಿಂಬದಿ ಕೆಟ್ಟಿದ್ರೆ ಬೆರಳಿಗೆ ಬಾರಿಸ್ತಿದ್ದವಳೂ ನೀನೇ. ಗೊತ್ತಿಲ್ದೆ ಮಾಡಿದ್ರೆ ಬಿಡ್ತಿದ್ದೆ. ಗೊತ್ತಿದ್ದೂ ಮಾಡಿದ್ದೀಯ. ಮೇಲೆ ನನ್ನ ಎಲೆ ಬೇರೆ!"

"ಅವರು ನಿನ್ನ ಕೈಕೆಲಸಾನೇ ಕೇಳಿದ್ರು. ನನ್ನದು ಯಾರಿಗೆ ಬೇಕಿತ್ತು?" ಎಂದು ಅಕ್ಕ ಎದ್ದು ಒಳಗೆ ಹೋದಳು.

ಆರನ್ನೂ ಹೊಸದಾಗಿ ಹೊಲಿದುಕೊಡುತ್ತೇನೆಂದು ತಂಗಿ ವಾಚನಾಲಯಕ್ಕೆ ಮಾತು ಕೊಟ್ಟಳು. ಮೊದಲನೆಯದನ್ನು ಸಿಟ್ಟಿನಲ್ಲೇ ಹೊಲಿದಳು. ಮೂರು ದಿನದ ಮೇಲೆ ನೋಡಿದರೆ ದಾರ ಜಗ್ಗಿ ಜಗ್ಗಿ ಕ್ಯಾನ್ವಾಸೇ ಸುರುಟಿಕೊಂಡಿತ್ತು. ಅಷ್ಟನ್ನೂ ಕತ್ತರಿಸಿ ತೆಗೆದಳು. ಸಿಟ್ಟು ಇನ್ನೂ ಏರಿತು. ಈಗ ತನ್ನ ಮೇಲೂ.

ಎರಡನೇ ವಾರ ಅಕ್ಕ ತನ್ನ ಕಸೂತಿ ಚೌಕಟ್ಟನ್ನು ಎದುರಿನ ಕಿಟಕಿಗೆ ಎಳೆದುಕೊಂಡು, ಆರರಲ್ಲೊಂದು ಹೊದಿಕೆ ಹಿಡಿದು ಕೂತಳು. ತಂಗಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾಲ್ಕು ದಿನದ ಮೇಲೆ ಎದ್ದುಹೋಗಿ ಅಕ್ಕನ ಕೆಲಸವನ್ನು ಮಗುಚಿ, ಉಗುರಿನಿಂದ ಗೀರಿ ನೋಡಿದಳು.

"ಇಲ್ಲಿ ಎರಡು ಸಾಲು ಒಂದೇ ದಿಕ್ಕಿಗೆ ಹೋಗಿದೆ. ಮುಂದುಗಡೆ ಗೀರು ಬೀಳುತ್ತೆ. ಬಿಚ್ಚು."

"ಕತ್ತಲಾಗ್ತಾ ಬಂತು."

"ಬಿಚ್ಚು."

ಅಕ್ಕ ತುಟಿ ಬಿಗಿದು ಕತ್ತರಿ ಎತ್ತಿಕೊಂಡಳು.

ಆರೂ ಮುಗಿಯಲು ಐದು ತಿಂಗಳು ಹಿಡಿಯಿತು. ತಂಗಿ ಹೊಸ ಹೊದಿಕೆಗಳಿಗೆ ಪಿನ್ನು ಹೊಡೆಯುವಾಗ ಅಕ್ಕ ಕುರ್ಚಿಯನ್ನು ಅಲುಗದಂತೆ ಹಿಡಿದಿದ್ದಳು. ಗ್ರಂಥಪಾಲಕಿ ಹತ್ತಿರ ಬಂದಾಗ, ಯಾರೂ ಕೇಳದಿದ್ದರೂ ಅಕ್ಕ ಹೇಳಿದಳು: "ಹಾಳಾಗಿದ್ದು ಇವಳ ಕೆಲಸ ಅಲ್ಲಮ್ಮ, ನನ್ನದು. ಗುರುತೂ ನಾನೇ ಹಾಕಿದ್ದು."

ತಂಗಿ ಸುತ್ತಿಗೆ ನಿಲ್ಲಿಸಿದಳು. ತಲೆ ಎತ್ತಲಿಲ್ಲ. ಈ ಮಾತನ್ನು ಐದು ತಿಂಗಳ ಹಿಂದೆಯೇ ಹೇಳಬಹುದಿತ್ತಲ್ಲ.

"ಆ ಕಡೆ ಗಟ್ಟಿಯಾಗಿ ಹಿಡಿ" ಎಂದಳು, ಮುಂದಿನ ಪಿನ್ನನ್ನು ಬೇಕಾದ್ದಕ್ಕಿಂತ ಜೋರಾಗಿ ಹೊಡೆಯುತ್ತ.