ಕೇಸರಿ ಬಣ್ಣದ ಸ್ಕೀ

ಗುರುಪಾದಪ್ಪನ ಅಂಗಡಿಯ ಗೋಡೆಗೆ ಸಾಲಾಗಿ ಒರಗಿಸಿಟ್ಟ ಸ್ಕೀಗಳ ಅಂಚಿನ ಮೇಲೆ ದಾಕ್ಷಾಯಣಿ ಅತ್ತೆಯ ಬೆರಳು ಮೆಲ್ಲಗೆ ಸರಿಯುತ್ತಿತ್ತು. ಸೀರೆ ಅಂಗಡಿಯಲ್ಲಿ ಹೆಂಗಸರು ಸೆರಗಿನ ಜರಿ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಕಣ್ಣು ಅರೆ ಮುಚ್ಚಿತ್ತು. ತುದಿಯಿಂದ ಬಾಲದವರೆಗೆ ಒಮ್ಮೆ ಸವರಿ, ನಡುಭಾಗವನ್ನು ಅಂಗೈಯಿಂದ ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ನನ್ನ ಸೋದರತ್ತೆ, ಊರಿನ ಅರ್ಧ ಮಂದಿಗೆ ಹಿಮದ ಮೇಲೆ ಜಾರುವುದನ್ನು ಕಲಿಸಿದವಳು ಅವಳು. ಅಂಗಡಿಯಲ್ಲಿದ್ದವರೆಲ್ಲ ಆ ಬೆರಳನ್ನು ಭಕ್ತಿಯಿಂದ ನೋಡುತ್ತಿದ್ದರು.

ನಾನು ಮಾತ್ರ ಬಾಗಿಲ ಬಳಿಯೇ ನಿಂತಿದ್ದೆ. ಸ್ಕೀಗೆ ಬಳಿಯುವ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಎಡಗಾಲು ಮುಂದೆ ಹೆಜ್ಜೆಯಿಡಲು ಒಪ್ಪಲಿಲ್ಲ.

ಹಿಂದಿನ ಚಳಿಗಾಲದಲ್ಲಿ ನಾನು ಬಿದ್ದಿದ್ದೆ. ಬೀಳುವುದು ದೊಡ್ಡ ವಿಷಯವಲ್ಲ, ಆ ಊರಿನಲ್ಲಿ ಬೀಳದವರಿರಲಿಲ್ಲ. ಆದರೆ ಬಿದ್ದಾಗ ಬೂಟು ಸ್ಕೀಯಿಂದ ಬಿಚ್ಚಿಕೊಳ್ಳಲಿಲ್ಲ. ಮೈ ಒಂದು ಕಡೆ ಹೊರಳಿತು, ಉದ್ದನೆಯ ಹಲಗೆ ಇನ್ನೊಂದು ಕಡೆ ಹೊರಳಿತು, ನಡುವೆ ನನ್ನ ಮೊಳಕಾಲ ಕೆಳಗಿನ ಎಲುಬು. ನೋವಿಗಿಂತ ಮೊದಲು ಶಬ್ದ ಕೇಳಿಸಿತು. ಒಣಗಿದ ಕಟ್ಟಿಗೆಯನ್ನು ತೊಡೆಗೆ ಹಚ್ಚಿ ಮುರಿದಂಥ ಶಬ್ದ. ಆಮೇಲೆ ಎಷ್ಟೋ ತಿಂಗಳು, ಯಾರಾದರೂ ಒಲೆಗೆ ಕಟ್ಟಿಗೆ ಮುರಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನನ್ನ ಕೆಲಸ ಬೆಟ್ಟದ ನೆತ್ತಿಯ ಹವಾಮಾನ ಕೇಂದ್ರದಲ್ಲಿ. ಗಾಳಿಯ ವೇಗ, ಹಿಮದ ಆಳ, ಮೋಡದ ಜಾತಿ ಇವನ್ನು ನೋಡಿ ಕೆಳಗಿನ ಊರಿಗೆ ತಿಳಿಸುವುದು. ಚಳಿಗಾಲದಲ್ಲಿ ಅಲ್ಲಿಂದ ಇಳಿಯಲು ಸ್ಕೀ ಬಿಟ್ಟು ಬೇರೆ ದಾರಿಯಿಲ್ಲ. ಈ ಸಲ ಇಳಿಯಲಾಗದಿದ್ದರೆ ಬೇರೆಯವರನ್ನು ಹಾಕುತ್ತೇವೆಂದು ಮೇಲಿನವರು ಮೆತ್ತಗೆ ತಿಳಿಸಿದ್ದರು. ಆ ಗಾಜಿನ ಕಿಟಕಿ, ಅದರಾಚೆಯ ಆಕಾಶ, ಇಷ್ಟು ಬಿಟ್ಟರೆ ನನಗೆ ನನ್ನದೆಂಬ ಬದುಕು ಇರಲಿಲ್ಲ.

"ಇದು ಬ್ಯಾಡ," ಅತ್ತೆ ಒಂದು ಜೋಡಿಯನ್ನು ಪಕ್ಕಕ್ಕೆ ತಳ್ಳಿದಳು. "ಅಗಲ ಹೆಚ್ಚಾತು. ಹೊಸಾ ಹಿಮದಾಗ ತೇಲತೈತಿ, ಮಂಜುಗಡ್ಡಿ ಬಂತಂದ್ರ ಕಚ್ಚಂಗಿಲ್ಲ. ನಮ್ಮ ಬೆಟ್ಟದಾಗ ಮುಂಜಾನೆ ಗಡ್ಡಿ, ಮಧ್ಯಾಹ್ನ ಕೆಸರು, ಸಂಜೀಕ ಮತ್ತ ಗಟ್ಟಿ. ಎಲ್ಲಾದಕ್ಕೂ ಆಗೂವಂಥಾದು ಬೇಕು."

"ಹಂಗಂದ್ರ ಇವೆರಡರಾಗ ಒಂದು, ಅಕ್ಕಾರ," ಎಂದ ಗುರುಪಾದಪ್ಪ. ಒಂದು ಜೋಡಿ ಬೂದಿ ಬಣ್ಣದ್ದು, ಇನ್ನೊಂದು ಕಣ್ಣಿಗೆ ರಾಚುವ ಕೇಸರಿ. ಉದ್ದ, ಅಗಲ, ಬಾಗು ಎಲ್ಲ ಒಂದೇ ಎಂದೂ ಹೇಳಿದ.

ನಾನು ಬೂದಿ ಬಣ್ಣದ್ದರ ಕಡೆ ಕೈ ಮಾಡಿದೆ. ಯಾರ ಕಣ್ಣಿಗೂ ಬೀಳದೆ, ಸದ್ದಿಲ್ಲದೆ ಇಳಿದು ಮನೆ ಸೇರುವುದಷ್ಟೇ ನನಗೆ ಬೇಕಿತ್ತು.

"ಕೇಸರಿ ತಗೋ," ಎಂದಳು ಅತ್ತೆ.

"ಜಾತ್ರಿ ಬಲೂನ್ ಇದ್ದಂಗ ಐತಿ, ಅತ್ತಿ."

"ಇರ್ಲಿ. ಕೇಸರೀನ ತಗೋ."

ಬಣ್ಣದ ಬಗ್ಗೆ ಅವಳು ಹಟ ಹಿಡಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ವಾದ ಮಾಡುವ ಚೈತನ್ಯ ನನಗಿರಲಿಲ್ಲ, ಒಪ್ಪಿಕೊಂಡೆ.

ಆಮೇಲೆ ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಡುವ ಉಕ್ಕಿನ ಕೊಕ್ಕೆ ಅದು. ಜಾರುವಾಗ ಬಿಡಬಾರದು, ಬಿದ್ದಾಗ ಹಿಡಿಯಬಾರದು. ಎಷ್ಟು ಬಲಕ್ಕೆ ಬಿಚ್ಚಿಕೊಳ್ಳಬೇಕು ಎಂಬುದನ್ನು ಒಂದು ತಿರುಪು ತೀರ್ಮಾನಿಸುತ್ತದೆ. ತಿರುಪಿನ ಪಕ್ಕದ ಪುಟ್ಟ ಕಿಂಡಿಯಲ್ಲಿ ಅಂಕಿ ಕಾಣುತ್ತದೆ. ನನ್ನಂಥ ಹಗುರ ಮೈಯ ಹೆಣ್ಣಿಗೆ ಸಣ್ಣ ಅಂಕಿ, ದಪ್ಪ ಆಳಿಗೆ ದೊಡ್ಡದು. ಮೊದಲೆಲ್ಲ ನಮ್ಮ ಮನೆಯ ಬೈಂಡಿಂಗ್‌ಗಳನ್ನು ಅತ್ತೆಯೇ ನೋಡಿ ಸರಿಮಾಡುತ್ತಿದ್ದಳು. ಅವತ್ತು ಗುರುಪಾದಪ್ಪ ತಿರುಪುಳಿಯನ್ನು ಅವಳ ಮುಂದೆ ಹಿಡಿದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ನೀನ ಮಾಡಪಾ. ಮಾಡಿ, ಅಂಕಿ ಓದಿ ಹೇಳು."

"ಮೂರು," ಎಂದ ಆತ. ಹೇಳುವಾಗ ಅಂಕಿಯನ್ನು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದ.

"ನೀನೂ ನೋಡು," ಎಂದಳು ನನಗೆ. "ಬಗ್ಗಿ ನೋಡು. ನಿನ್ನ ಕಣ್ಣಿಲೆ ನೋಡು."

ಬಗ್ಗಿ ನೋಡಿದೆ. ಮೂರೇ ಇತ್ತು. ಆದರೆ ನನ್ನ ಭಯ ಅಂಕಿಗೆ ಸಮಾಧಾನವಾಗುವಂಥದ್ದಾಗಿರಲಿಲ್ಲ. ಹಳೆಯದೂ ಹೀಗೇ ಹೊಳೆಯುತ್ತಿತ್ತು, ಅದೂ ಬಿಚ್ಚಿಕೊಳ್ಳುತ್ತದೆಂದೇ ನಂಬಿದ್ದೆ.

ಮರುದಿನ ಬೆಳಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಕೆಳಗಿನ ಇಳಿಜಾರಿನಲ್ಲಿ, ಮಕ್ಕಳು ಕಲಿಯುವ ಜಾಗದಲ್ಲಿ, ಹೊಸ ಸ್ಕೀ ಕಟ್ಟಿಕೊಂಡೆ. ಹಿಮ್ಮಡಿ ಒತ್ತಿದಾಗ ಬೈಂಡಿಂಗ್ ಟಕ್ಕೆಂದು ಬೂಟನ್ನು ಕಚ್ಚಿತು. ಬಾಯಿ ಒಣಗಿತು. ಇನ್ನು ಇದು ನನ್ನನ್ನು ಬಿಡುವುದಿಲ್ಲ ಅನ್ನಿಸಿತು. ಅತ್ತೆ ಕೆಳಗೆ ನಿಂತು, ತಲೆ ಒಂದು ಕಡೆ ವಾಲಿಸಿ, ನನ್ನ ಸ್ಕೀ ಹಿಮ ಕೆರೆಯುವ ಸದ್ದನ್ನು ಕೇಳುತ್ತಿದ್ದಳು. ಕೆಲವು ಸುತ್ತು ಆದವು. ಸ್ಕೀ ನಾನು ಹೇಳಿದಂತೆ ತಿರುಗುತ್ತಿತ್ತು, ನಾನೇ ತಿರುಗಲು ತಡಮಾಡುತ್ತಿದ್ದೆ. ಒಮ್ಮೆಯೂ ಬೀಳಲಿಲ್ಲ. ಬೀಳದಂತೆ ಪ್ರತಿ ಸ್ನಾಯುವನ್ನೂ ಬಿಗಿಹಿಡಿದಿದ್ದೆ.

"ಸಾಕು, ಮ್ಯಾಲ ಹೋಗೂಣು," ಎಂದಳು ಅತ್ತೆ.

ಪಡುವಣ ಕಣಿವೆಯ ಬಾಯಲ್ಲಿ ತೆಳ್ಳಗಿನ ಮೋಡ ಕೂತಿತ್ತು. ಅದರ ಅಂಚು ಕರಗಿದ ಬೆಣ್ಣೆಯಂತೆ ಹರಡಿಕೊಳ್ಳುವ ರೀತಿ ನನಗೆ ಹಿಡಿಸಲಿಲ್ಲ. "ಆ ಮೋಡ ಇತ್ತಾಗ ಬರೂ ಹಂಗ ಕಾಣತೈತಿ, ಅತ್ತಿ. ನಾಳೆ ಹೋಗೂಣು."

"ಇವತ್ತ ಬಿಟ್ರ ನನಗ ಆಗಂಗಿಲ್ಲ," ಎಂದಳು. ಮೊಳಕಾಲಿನ ನೋವೆಂದು ಎರಡು ವರ್ಷದ ಹಿಂದೆಯೇ ಕಲಿಸುವುದನ್ನು ಬಿಟ್ಟಿದ್ದಳು, ಈ ಮಾತೂ ಮೊಳಕಾಲಿನದೇ ಎಂದುಕೊಂಡೆ. "ಒಂದು ಸಲ ಮ್ಯಾಲಿಂದ ಇಳದ್ಬಿಡು. ಅಂಜಿಕಿ ಅನ್ನೂದು ಕೆಳಗ ಕುಂತಷ್ಟೂ ಬೆಳೀತೈತಿ."

ಹಗ್ಗದ ಮೇಲೆ ಸಾಗುವ, ಹತ್ತುವವರನ್ನಷ್ಟೇ ಒಯ್ಯುವ ಕುರ್ಚಿಯಲ್ಲಿ ಇಬ್ಬರೂ ಮೇಲೇರಿದೆವು. ಅರ್ಧ ದಾರಿಯಲ್ಲೇ ಬಿಸಿಲು ಮಂಕಾಯಿತು. ಮೇಲಿನ ನಿಲ್ದಾಣದಲ್ಲಿ ಕಾಲಿಡುವಷ್ಟರಲ್ಲಿ ಮೋಡ ನಮ್ಮ ಮೇಲೆ ಕೂತಿತ್ತು. ಗಾಳಿ ಎದ್ದಿತು. ಹಿಂದೆ ಕುರ್ಚಿಗಳು ಕಿರ್‍ರೆಂದು ನಿಂತುಹೋದವು. ನಿರ್ವಾಹಕ ಗುಡಿಸಲಿನಿಂದ ತಲೆ ಹೊರಹಾಕಿ, ಇಂದು ಇನ್ನು ನಡೆಸುವುದಿಲ್ಲ, ಬಿಳುಪು ಗಟ್ಟಿಯಾಗುವ ಮೊದಲು ಬೇಗ ಇಳಿಯಿರಿ ಎಂದು ಕೂಗಿ, ಬಾಗಿಲಿಗೆ ಬೀಗ ಹಾಕಿ ತಾನೂ ಇಳಿದುಹೋದ. ಹವಾಮಾನ ಕೇಂದ್ರ ಅಲ್ಲಿಂದ ಇನ್ನೂ ಮೇಲೆ, ಬೋಳು ಶಿಖರದ ತುದಿಯಲ್ಲಿತ್ತು. ಆ ಗಾಳಿಯಲ್ಲಿ ಅತ್ತ ಹೋಗುವುದು ಇಳಿಯುವುದಕ್ಕಿಂತ ಕೆಟ್ಟದ್ದು.

ಅಂಥ ಬಿಳುಪನ್ನು ಕಾಣದವರಿಗೆ ವಿವರಿಸುವುದು ಕಷ್ಟ. ಆಕಾಶವೂ ಬಿಳಿ, ನೆಲವೂ ಬಿಳಿ, ನಡುವೆ ಗೆರೆಯಿಲ್ಲ. ನಿಂತಿದ್ದೇನೋ ಜಾರುತ್ತಿದ್ದೇನೋ ಎಂಬುದೂ ತಿಳಿಯುವುದಿಲ್ಲ. ದಾರಿಯ ಗುರುತಿಗೆ ನೆಟ್ಟ ಕಂಬಗಳು ಹತ್ತಿರ ಹೋದರೆ ಮಾತ್ರ ಮಸುಕಾಗಿ ಕಾಣುತ್ತಿದ್ದವು. ಎಡಕ್ಕೆ ದೇವದಾರು ಮರಗಳು, ಬಲಕ್ಕೆ ಕಮರಿ. ಕಮರಿಗೆ ಬೇಲಿಯಿರಲಿಲ್ಲ.

"ನೀ ಮುಂದ ಹೋಗು, ಅತ್ತಿ. ನಿನ್ನ ಹಿಂದಿಂದ ಬರ್ತೀನಿ," ಎಂದೆ. ಚಿಕ್ಕವಳಿದ್ದಾಗಿನಿಂದ ಹಾಗೇ ಇಳಿದಿದ್ದೆ, ಅವಳ ಬೆನ್ನು ನೋಡುತ್ತ.

ಅತ್ತೆ ಕದಲಲಿಲ್ಲ. ಕೈಗವಸು ಕಳಚಿ, ಬಗ್ಗಿ, ಬರಿ ಬೆರಳುಗಳಿಂದ ಹಿಮದ ಮೇಲ್ಮೈಯನ್ನು ಸವರುತ್ತಿದ್ದಳು. ಅಂಗಡಿಯಲ್ಲಿ ಸ್ಕೀಗಳನ್ನು ಸವರಿದ ಹಾಗೆಯೇ.

"ನೀನ ಮುಂದ ಆಗಬೇಕು," ಎಂದಳು ತಲೆ ಎತ್ತದೆ.

"ನನ್ನಿಂದ ಆಗಂಗಿಲ್ಲ."

"ನನಗ ಕಾಣಂಗಿಲ್ಲವ್ವ."

ಈ ಮೋಡದಲ್ಲಿ ಯಾರಿಗೆ ಕಾಣುತ್ತದೆ ಎಂದೆ. ಅವಳು ಎದ್ದು ನನ್ನ ಕಡೆ ತಿರುಗಿದಳು. ಅವಳ ದೃಷ್ಟಿ ನನ್ನ ಮುಖವನ್ನು ದಾಟಿ, ಕಿವಿಯ ಬಳಿ ಎಲ್ಲೋ ನಿಂತಿತು.

"ಮೋಡದ್ದಲ್ಲ. ಕಣ್ಣಿನ ನಟ್ಟನಡುವ ಒಂದು ಮಬ್ಬು ಕುಂತೈತಿ, ಎರಡೂ ಕಣ್ಣಾಗ. ಹೋಗಂಗಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಾರ. ಬಿಸಿಲಿದ್ರ ಹೆಂಗರ ಸಾಗಸ್ತೀನಿ, ದಾರಿ ಕಾಲಿಗೆ ಗೊತ್ತೈತಿ. ಈ ಬಿಳಪಿನ್ಯಾಗ ಏನೂ ಇಲ್ಲ. ನಿನ್ನ ಕೇಸರಿ ಅಷ್ಟ ಕಾಣತೈತಿ."

ನನ್ನ ಕಾಲುಗಳ ಕಡೆ ನೋಡಿಕೊಂಡೆ. ಆ ಬಣ್ಣ ನನಗಾಗಿ ಆರಿಸಿದ್ದಾಗಿರಲಿಲ್ಲ. ಅವಳು ನನ್ನ ಬೆನ್ನು ಹಿಡಿದು ಇಳಿಯಲು ಆರಿಸಿದ್ದು. ಅದುವರೆಗೆ ನನ್ನ ಭಯಕ್ಕೆ ಒಂದು ಗೋಡೆಯಿತ್ತು, ಅತ್ತೆ ಇದ್ದಾಳೆ ಎಂಬ ಗೋಡೆ. ಅದು ಬಿತ್ತು.

ಹೊರಟೆವು, ಬೇರೆ ದಾರಿ ಇರಲಿಲ್ಲ. ನಾನು ಮುಂದೆ, ಅವಳು ನನ್ನ ಸ್ಕೀಗಳ ಬಾಲಕ್ಕೆ ಅಂಟಿಕೊಂಡು ಹಿಂದೆ. ಕಂಬ ಕಂಡ ಕೂಡಲೇ ನಾನು ಹೇಳುತ್ತಿದ್ದೆ. ಕಂಬದ ಲೆಕ್ಕದ ಮೇಲೆ ಅವಳು ನೆಲವನ್ನು ಹೇಳುತ್ತಿದ್ದಳು. "ಇಲ್ಲೆ ಸ್ವಲ್ಪ ಏರು. ಇನ್ನ ಎಡಕ್ಕ ಇಳೀತೈತಿ, ಬಿಡು, ಮೈ ಬಿಡು." ಅವಳ ನೆನಪು, ನನ್ನ ಕಣ್ಣು. ಒಬ್ಬನೇ ಮನುಷ್ಯನಂತೆ ಇಳಿಯುತ್ತಿದ್ದೆವು ಎನ್ನಬಹುದಿತ್ತು, ಆದರೆ ಆ ಮನುಷ್ಯನ ಕಾಲು ನಡುಗುತ್ತಿತ್ತು.

ಇಳಿಜಾರು ಕಡಿದಾಗುವ ಜಾಗಕ್ಕೆ ಬಂದಾಗ ನಾನು ನಿಂತುಬಿಟ್ಟೆ. ನಾನು ಬಿದ್ದ ಜಾಗ ಅದೇ. ಮುಂದೆ ಬಿಳುಪು ಬಾಯಿ ತೆರೆದಿತ್ತು.

"ಯಾಕ ನಿಂತಿ?"

"ಇಲ್ಲೆ ಬಿದ್ದಿದ್ದೆ."

"ಗೊತ್ತೈತಿ. ಇಳಿ."

"ಬಿದ್ರ ಇದೂ ಬಿಚ್ಚಂಗಿಲ್ಲ, ಅತ್ತಿ. ಅದೂ ಬಿಚ್ಚತೈತಿ ಅಂತಾನ ಹೇಳಿದ್ದಿ."

ಅತ್ತೆ ನನ್ನ ಸ್ಕೀಗೆ ತಾಗುವಷ್ಟು ಹತ್ತಿರ ಬಂದಳು. ಪಾಠ ಹೇಳುವ ದನಿ ಹೋಗಿತ್ತು.

"ಬಿಚ್ಚತೈತಿ. ಆವಾಗ ತಪ್ಪು ಬೈಂಡಿಂಗಿಂದಲ್ಲ. ಆ ಹಳೇದನ್ನ ನಿನಗ ಕೊಡೂ ಮುಂದ ನಾ ನೋಡಿದ್ದೆ. ಮೂರು ಅಂತ ಕಂಡಿತ್ತು, ಸರಿ ಐತಿ ಅಂತ ಬಿಟ್ಟೆ. ನೀ ದವಾಖಾನ್ಯಾಗ ಇದ್ದಾಗ ಗುರುಪಾದಪ್ಪನ ಕಡೆ ಒಯ್ದು ಓದು ಅಂದೆ. ಎಂಟು ಇತ್ತು. ಎಂಟಕ್ಕ ಇಟ್ರ ನಿನ್ನ ಎಲುಬು ಮುರೀತೈತಿ, ಅದು ಬಿಚ್ಚಂಗಿಲ್ಲ. ನಿನ್ನ ಕಾಲು ಮುರದಾಕಿ ನಾನು."

ನಾನು ತಿರುಗಲಿಲ್ಲ. ತಿರುಗಿದರೆ ಬೀಳುತ್ತಿದ್ದೆ. ಹಾಸಿಗೆಯಲ್ಲಿ ಮಲಗಿದ್ದ ತಿಂಗಳುಗಳಲ್ಲಿ ಗಂಜಿ ಕುಡಿಸಿದ ಕೈ, ಬೆನ್ನು ತಿಕ್ಕಿದ ಕೈ, ನನ್ನ ಹಣೆಬರಹ ಎಂದು ನಾನು ಅಳುವಾಗ ಸುಮ್ಮನೆ ತಲೆ ಸವರುತ್ತಿದ್ದ ಕೈ ನೆನಪಾಯಿತು. ಅಷ್ಟು ದಿನವೂ ಗೊತ್ತಿದ್ದು ಸುಮ್ಮನಿದ್ದ ಕೈ.

"ಈಗ ಯಾಕ ಹೇಳಿದಿ?"

"ಹೇಳದಿದ್ರ ನೀ ಅದನ್ನ ನಂಬಂಗಿಲ್ಲ. ನಂಬದಿದ್ರ ಇಲ್ಲಿಂದ ಇಳಿಯಂಗಿಲ್ಲ."

ಸಿಟ್ಟು ಬಂತು. ಕಾಲಿನಿಂದ ಮೇಲೇರಿ ಕಿವಿಯವರೆಗೆ ಬಿಸಿಯಾಗಿ ಹರಿಯಿತು. ಆ ಸಿಟ್ಟಿನಲ್ಲೇ ಕೈಯ ಕೋಲು ಊರಿ ಮುಂದಕ್ಕೆ ಜಾರಿದೆ. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಕಾಣದ ದಿಬ್ಬವೊಂದು ಎಡ ಸ್ಕೀಯ ಮೂತಿಯನ್ನು ಹಿಡಿಯಿತು. ಮೈ ಒಂದು ಕಡೆ ಹೊರಳಿತು, ಹಲಗೆ ಇನ್ನೊಂದು ಕಡೆ. ಬಂತು ಎಂದುಕೊಂಡೆ. ಆ ಶಬ್ದಕ್ಕಾಗಿ ಹಲ್ಲು ಕಚ್ಚಿದೆ.

ಟಕ್ಕೆಂದಿತು. ಸಣ್ಣ, ಚೊಕ್ಕ ಸದ್ದು. ಕಾಲು ಹಗುರಾಯಿತು. ನಾನು ಉರುಳುತ್ತ ಹೋಗಿ ಹಿಮದಲ್ಲಿ ಮುಖ ಹೂತು ಬಿದ್ದೆ. ಕಣ್ಣು ಬಿಟ್ಟಾಗ ಒಂದು ಮಾರು ದೂರದಲ್ಲಿ ಹಿಮ ಮುಗಿದು, ಕೆಳಗಿನಿಂದ ಗಾಳಿ ಮೇಲಕ್ಕೆ ಬೀಸುತ್ತಿತ್ತು. ಅದು ಕಮರಿ.

"ಬಿಚ್ಚಿತೇನು?" ಮೇಲಿನಿಂದ ಅತ್ತೆಯ ದನಿ. ಅಂಥ ದನಿಯನ್ನು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಕತ್ತಲಲ್ಲಿ ತಾಯಿಯನ್ನು ಕರೆಯುವ ಕೂಸಿನ ಹಾಗಿತ್ತು.

ಕಾಲು ಮಡಚಿದೆ, ಚಾಚಿದೆ. ಮಡಚಿತು, ಚಾಚಿತು.

"ಬಿಚ್ಚಿತು," ಎಂದೆ. "ಅಲ್ಲೇ ಇರು. ಕದಲಬ್ಯಾಡ. ಬಲಕ್ಕ ಕಮರಿ ಐತಿ."

ಅವಳು ಕದಲಲಿಲ್ಲ. ನಾನು ತೆವಳುತ್ತ ಮೇಲೆ ಹೋಗಿ, ಸಿಕ್ಕಿಕೊಂಡಿದ್ದ ಕೇಸರಿ ಸ್ಕೀ ಹುಡುಕಿ, ಬೂಟಿನ ಹಿಮ ಬಡಿದು, ಹಿಮ್ಮಡಿ ಒತ್ತಿದೆ. ಬಾಯಿ ಒಣಗಲಿಲ್ಲ. ಅವಳ ಮುಂದೆ ನಿಂತು ನನ್ನ ಕೋಲಿನ ತುದಿಯನ್ನು ಅವಳ ಕೈಗೆ ಕೊಟ್ಟೆ. ಅಲ್ಲಿಂದ ಕೆಳಗಿನವರೆಗೆ ಅವಳು ಅದನ್ನು ಹಿಡಿದೇ ಬಂದಳು. ಕಂಬಗಳ ಲೆಕ್ಕ ಬಿಟ್ಟು ಬೇರೆ ಮಾತು ನಮ್ಮ ನಡುವೆ ಬರಲಿಲ್ಲ. ಮನೆಗೆ ಬಂದ ಮೇಲೂ ಎಷ್ಟೋ ದಿನ ಬರಲಿಲ್ಲ. ಅನ್ನ ಬಡಿಸುತ್ತಿದ್ದಳು, ಉಣ್ಣುತ್ತಿದ್ದೆ.

ಆ ಚಳಿಗಾಲ ನಾನು ಕೇಂದ್ರಕ್ಕೆ ಹೋದೆ. ಪ್ರತಿ ಸಲ ಇಳಿಯುವಾಗಲೂ ಭಯವಿತ್ತು, ಆದರೆ ನನ್ನ ಜೊತೆಗೇ ಇಳಿಯುತ್ತಿತ್ತು, ಎದುರು ನಿಲ್ಲುತ್ತಿರಲಿಲ್ಲ. ಅತ್ತೆ ತನ್ನ ಸ್ಕೀಗಳನ್ನು ಗುರುಪಾದಪ್ಪನಿಗೆ ಕೊಟ್ಟುಬಿಟ್ಟಳು. ಕಣ್ಣಿನ ಸಂಗತಿಯನ್ನು ಅವಳೇ ಊರಿಗೆಲ್ಲ ಹೇಳಿದಳು, ಎಂಟರ ಸಂಗತಿಯನ್ನೂ.

ಒಂದು ಸಂಜೆ ಇಳಿದು ಬರುವಾಗ, ಇಳಿಜಾರಿನ ಬುಡದ ಬೆಂಚಿನ ಮೇಲೆ ಅವಳು ಗುರುಪಾದಪ್ಪನ ಪಕ್ಕದಲ್ಲಿ ಕೂತಿರುವುದು ಕಂಡಿತು. ನಾನು ಕೂಗದೆ ತುಸು ದೂರದಲ್ಲೇ ನಿಂತೆ. ಅವಳು ಮುಖ ಎತ್ತಲಿಲ್ಲ.

"ಬಂದ್ಲು," ಎಂದಳು ಆತನಿಗೆ. "ಎಡಗಾಲ ಮ್ಯಾಲ ಭಾರ ಹಾಕವಲ್ಲಳು ಇನ್ನಾ. ಬಲದ ಸಪ್ಪಳ ದಪ್ಪ ಐತಿ, ಎಡದ್ದು ತೆಳ್ಳಗೈತಿ."

ಸ್ಕೀಗಳನ್ನು ಅಡ್ಡವಾಗಿಟ್ಟು, ಒಂದೊಂದೇ ಹೆಜ್ಜೆ, ಇಳಿಜಾರನ್ನು ಮತ್ತೆ ಸ್ವಲ್ಪ ಹತ್ತಿದೆ. ಅಲ್ಲಿ ತಿರುಗಿ ನಿಂತು, ಎಡಗಾಲಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಇಳಿದೆ. ಸಂಜೆಯ ಗಟ್ಟಿ ಹಿಮದ ಮೇಲೆ ಎಡ ಸ್ಕೀಯ ಅಂಚು ಉದ್ದಕ್ಕೆ, ಆಳವಾಗಿ ಕೊರೆಯುವ ಸದ್ದು ಬಂತು. ಬೆಂಚಿನ ಮೇಲೆ ಅತ್ತೆ ಶಾಲನ್ನು ಕಿವಿಯಿಂದ ಪಕ್ಕಕ್ಕೆ ಸರಿಸಿದಳು.