ಪಿಕಪ್ಪಿನ ಹೊಟ್ಟೆಯಲ್ಲಿ ನಾಲ್ಕು ವರ್ಷ

ನಾನು ಒಂದು ಕಲ್ಲು. ಕಲ್ಲಿಗೂ ಒಂದು ಕಥೆಯೇ ಎಂದು ಮೂಗು ಮುರಿಯಬೇಡಿ, ಪೂರ್ತಿ ಕೇಳಿ. ಮಲಪ್ರಭೆಯ ನೀರು ನನ್ನನ್ನು ಎಷ್ಟು ಕಾಲ ಉರುಳಿಸಿ ನುಣುಪು ಮಾಡಿತೋ ನೆನಪಿಲ್ಲ. ಖಾನಾಪುರದ ಕಡೆಯ ಕುಂಬಾರ ಓಣಿಯ ಸತ್ತೆವ್ವ ಒಂದು ದಿನ ಮಣ್ಣಿಗೆಂದು ಹೊಳೆದಂಡೆಗೆ ಬಂದಳು. ನನ್ನನ್ನು ಎತ್ತಿ ಅಂಗೈಯಲ್ಲಿ ತೂಗಿದಳು, ಸೆರಗಿನಿಂದ ಒರೆಸಿದಳು. ನಾನು ಹುಟ್ಟಿದ್ದು ಆ ದಿನವೇ ಎನ್ನಬೇಕು.

ನನ್ನ ಕೆಲಸ ಕೊಡದ ಒಳಗೆ. ಹಸಿ ಕೊಡದೊಳಗೆ ನನ್ನನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿದರೆ ಮಣ್ಣು ತೆಳ್ಳಗಾಗಿ ಕೊಡದ ಹೊಟ್ಟೆ ತುಂಬಿಕೊಳ್ಳುತ್ತದೆ. ಹಲಗೆಯ ಸದ್ದು ಊರಿಗೆಲ್ಲ ಕೇಳುತ್ತದೆ, ಏಟು ತಿನ್ನುವವನು ಮಾತ್ರ ನಾನು. ಸತ್ತೆವ್ವ ಈ ಕೆಲಸವನ್ನು ತನ್ನ ಇಬ್ಬರು ಸೊಸೆಯರಿಗೂ ಕಲಿಸಿದಳು. ಹಿರಿಯಳು ಗೌರಕ್ಕ, ಕಿರಿಯಳು ಲಗಮವ್ವ. ಅತ್ತೆಯದು ಒಂದೇ ಕಟ್ಟಪ್ಪಣೆ: ಕಲ್ಲನ್ನು ಮಡಚಿದ ಅರಿವೆಯ ಮೇಲಲ್ಲದೆ ಬೇರೆಲ್ಲೂ ಇಡಕೂಡದು. ಮರೆತು ನೆಲಕ್ಕಿಟ್ಟವಳ ಬೆರಳಿಗೆ ಹಲಗೆಯ ಏಟು ಬೀಳುತ್ತಿತ್ತು.

ಲಗಮವ್ವನ ಗಂಡ ಕಲ್ಲಪ್ಪ ಒಂದು ಹಳೆಯ ಪಿಕಪ್ ಕೊಂಡ. ಸತ್ತೆವ್ವ ಹಿಂದೆ ಕೊಡಗಳ ನಡುವೆ ಕೂತು, ಬಿಟ್ಟು ಬಂದರೆ ಸೊಸೆಯರು ನೆಲಕ್ಕಿಟ್ಟಾರೆಂದು ನನ್ನನ್ನು ಉಡಿಯಲ್ಲಿ ಕಟ್ಟಿಕೊಂಡು ಬೆಳಗಾವಿ ಸಂತೆಗೆ ಹೋಗುತ್ತಿದ್ದಳು. ಮಳೆಗಾಲ ಶುರುವಾಗುವ ಮುಂಚಿನ ಕೊನೆಯ ಸಂತೆಯ ದಿನ ನೀರು ತುಂಬಿಡುವ ದೊಡ್ಡದೊಂದು ಹರವಿ ಉರುಳತೊಡಗಿತು. ಅವಳು ಆಚೀಚೆ ನೋಡಿದಳು. ಯಾರೂ ಇಲ್ಲ. ಮೆಲ್ಲಗೆ ನನ್ನನ್ನು ಹರವಿಯ ಬುಡಕ್ಕೆ ಆನಿಕೆ ಕೊಟ್ಟಳು. ಅರಿವೆಯಿಲ್ಲದೆ, ತುಕ್ಕು ಹಿಡಿದ ತಗಡಿನ ಮೇಲೆ.

ಗಾಡಿ ಒಂದು ತಗ್ಗಿಗೆ ಬಿದ್ದು ನೆಗೆಯಿತು. ತಗಡಿನ ತೂತಿನಿಂದ ಜಾರಿ ನಾನು ಕೆಳಗಿನ ಟೊಳ್ಳು ಕಬ್ಬಿಣದ ತೊಲೆಯೊಳಗೆ ಬಿದ್ದೆ. ಸತ್ತೆವ್ವ ಎಲ್ಲ ಕಡೆ ತಡಕಾಡಿದಳು. ಆದರೆ ತಾನು ಹಾಕಿದ ಕಟ್ಟಳೆಯನ್ನು ತಾನೇ ಮುರಿದೆನೆಂದು ಸೊಸೆಯರ ಮುಂದೆ ಹೇಗೆ ಹೇಳಿಯಾಳು? ಹೇಳಲಿಲ್ಲ. ಮಳೆಗಾಲದಲ್ಲಿ ಕೊಡ ಬಡಿಯುವ ಕೆಲಸವಿಲ್ಲದ್ದರಿಂದ ಯಾರೂ ನನ್ನನ್ನು ಕೇಳಲೂ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಅವಳು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಕಲ್ಲಪ್ಪ ತೂತಿನ ಮೇಲೆ ಹೊಸ ತಗಡು ಬೆಸೆಸಿ ನನ್ನ ಬಾಗಿಲನ್ನೇ ಮುಚ್ಚಿದ್ದ.

ಮನೆ ಪಾಲಾದ ದಿನ, ನಿಂತಿದ್ದ ಪಿಕಪ್ಪಿನ ಪಕ್ಕದಲ್ಲೇ ಜಗಳ ಹತ್ತಿತು.

"ಅತ್ತಿ ಕಲ್ಲು ನೀನ ಮುಚ್ಚಿಟ್ಟಿ" ಎಂದಳು ಲಗಮವ್ವ.

"ಕಳ್ಳರ ಮನಸ್ಸು ಹುಳ್ಳುಳ್ಳಗ. ಮುಚ್ಚಿಟ್ಟಾಕಿ ನೀನು" ಎಂದಳು ಗೌರಕ್ಕ.

ನಾನು ಎರಡು ಮೊಳದಾಚೆ ಇದ್ದೆ. ಕೂಗಲು ಬಾಯಿಲ್ಲ. ಅಂದು ನಿಂತ ಮಾತು ನಾಲ್ಕು ವರ್ಷ ನಿಂತೇ ಇತ್ತು. ಅದು ನನ್ನಿಂದ ಎಂಬ ಸಂಕಟ ನನ್ನನ್ನು ಕೊರೆಯುತ್ತಿತ್ತು.

ನನಗಿದ್ದ ಬಾಯಿ ಒಂದೇ, ಗಾಡಿಯ ಓಟ. ಬ್ರೇಕು ಹಾಕಿದರೆ ಮುಂದಕ್ಕೆ ಉರುಳಿ ದಡ್, ಏರು ಹತ್ತಿದರೆ ಹಿಂದಕ್ಕೆ ಉರುಳಿ ದಡ್. ಇಲ್ಲಿದ್ದೇನೆ, ಇಲ್ಲಿದ್ದೇನೆ ಎಂದೇ ನಾನು ಬಡಿದುಕೊಳ್ಳುತ್ತಿದ್ದೆ. ಕಲ್ಲಪ್ಪ ಗಾಬರಿಯಾಗಿ ಗೌಸ್ ಮೇಸ್ತ್ರಿಯ ಗ್ಯಾರೇಜಿಗೆ ಓಡಿದ. ಮೇಸ್ತ್ರಿ ಬುಶ್ ಬದಲಿಸಿದ. ದಡ್. ಸ್ಪ್ರಿಂಗ್ ಪಟ್ಟಿ ಬಿಚ್ಚಿ ಕಟ್ಟಿದ. ದಡ್. ಸೈಲೆನ್ಸರಿನ ರಬ್ಬರು, ಶಾಕ್ ಅಬ್ಸಾರ್ಬರು, ಒಂದನ್ನೂ ಬಿಡಲಿಲ್ಲ. ಅವನು ಹತ್ತಿರ ಬಂದಾಗಲೆಲ್ಲ ನಾನು ಹಿಗ್ಗುತ್ತಿದ್ದೆ. ಆದರೆ ನಿಂತ ಗಾಡಿಯಲ್ಲಿ ನಾನು ಮೂಕ, ಅವನು ಹುಡುಕುತ್ತಿದ್ದದ್ದು ನಿಂತ ಗಾಡಿಯಲ್ಲಿ.

"ಬ್ಯಾನಿ ತಿಳೀವಲ್ತು ಕಲ್ಲಪ್ಪಾ. ಯಾವಾಗರ ಎಕ್ಸೆಲ್ ಮುರದ ಕೈ ಕೊಟ್ಟೀತು. ಗುಜರಿಗೆ ಹಾಕು" ಎಂದ ಕೊನೆಗೆ.

ಗುಜರಿ ಎಂದರೆ ಗಾಡಿಯನ್ನು ಜಜ್ಜಿ ಮುದ್ದೆ ಮಾಡುತ್ತಾರೆ. ಮುದ್ದೆಯೊಳಗೆ ನಾನೂ ಸೇರಿಬಿಟ್ಟರೆ, ಆ ಇಬ್ಬರು ಸಾಯುವತನಕ ಒಬ್ಬರನ್ನೊಬ್ಬರು ಕಳ್ಳಿ ಎಂದುಕೊಳ್ಳುತ್ತಲೇ ಇರುತ್ತಾರೆ. ಹೊಳೆಯಲ್ಲಿ ಎಂಥ ನೆರೆಗೂ ಹೆದರದ ನಾನು ಅಂದು ಹೆದರಿದೆ.

ಕೊನೆಯ ಪಯಣ ಹೊರಟಿತು. ಮುಂದೆ ಕಲ್ಲಪ್ಪ, ಪಕ್ಕದಲ್ಲಿ ಲಗಮವ್ವ. ಊರ ಹೊರಗಿನ ಬಸ್‌ಸ್ಟಾಪಿನಲ್ಲಿ ಗೌರಕ್ಕ ಕುಡಿಕೆಗಳ ಬುಟ್ಟಿ ಇಟ್ಟುಕೊಂಡು ಬಾರದ ಬಸ್ಸಿಗೆ ಕಾಯುತ್ತಿದ್ದಳು. ಅತ್ತಿಗೆಯನ್ನು ಬಿಸಿಲಲ್ಲಿ ಬಿಟ್ಟು ಹೋಗಲು ಕಲ್ಲಪ್ಪನಿಗೆ ಮನಸ್ಸಾಗಲಿಲ್ಲ. "ಹಿಂದ ಹತ್ತ್ರಿ ವೈನಿ" ಎಂದ. ಲಗಮವ್ವ ಕತ್ತು ತಿರುಗಿಸಲಿಲ್ಲ.

ರಸ್ತೆಯ ಮೊದಲ ಹಂಪು. ದಡ್. ಮೇಲೆ ಕುಲುಕುತ್ತಿದ್ದ ಬುಟ್ಟಿಯನ್ನು ಗೌರಕ್ಕ ಒತ್ತಿ ಹಿಡಿದಳು. ಎರಡನೆಯ ಹಂಪು. ದಡ್. ಬುಟ್ಟಿ ಸರಿಸಿ ತಗಡಿಗೆ ಕಿವಿ ಹಚ್ಚಿದಳು. ಆಮೇಲೆ ಸುಟ್ಟ ಕೊಡದಲ್ಲಿ ಬಿರುಕಿದೆಯೇ ಎಂದು ಗೆಣ್ಣಿನಿಂದ ಬಾರಿಸಿ ನೋಡುತ್ತಾರಲ್ಲ, ಹಾಗೆ ತಗಡನ್ನು ಗೇಣುಗೇಣು ಬಾರಿಸುತ್ತ ಬಂದಳು. ಟಣ್, ಟಣ್, ಟಣ್. ನನ್ನ ನೆತ್ತಿಯ ಮೇಲೆ ಬಂದಾಗ ಕೈ ನಿಂತಿತು. ಸಂಭ್ರಮದಿಂದ ನಾನು ಬಿರಿಯುವುದೊಂದೇ ಬಾಕಿ.

"ಗಾಡಿ ನಿಂದರ್ಸೋ ಕಲ್ಲಪ್ಪಾ" ಎಂದು ಅವಳು ಕ್ಯಾಬಿನ್ ಬಡಿದಳು. "ಹಿಂದ ಒಯ್ಯಿ. ಮುಂದ ಬಿಡು. ಇನ್ನೊಮ್ಮೆ."

ಲಗಮವ್ವ ಇಳಿದು ಹಿಂದಕ್ಕೆ ಬಂದಳು. ನಾಲ್ಕು ವರ್ಷಗಳ ಮೇಲೆ ಬಾಯಿ ಬಿಟ್ಟಳು. "ಏನ ಕೇಳಾಕತ್ತಿ?"

"ನೀನೂ ಕೇಳು."

ಇಬ್ಬರೂ ಬಗ್ಗಿ ಕಿವಿ ಹಚ್ಚಿದರು. ಕಲ್ಲಪ್ಪ ಬ್ರೇಕು ಒತ್ತಿದ. ನಾನು ಬದುಕಿಡೀ ಹಾಗೆ ಉರುಳಿರಲಿಲ್ಲ.

"ಇದು ಕಬ್ಬಿಣದ ಸಪ್ಪಳ ಅಲ್ಲ ಅಕ್ಕಾ" ಎಂದಳು ಲಗಮವ್ವ ಮೆಲ್ಲಗೆ.

ಗಾಡಿ ಗುಜರಿಯನ್ನು ದಾಟಿ ನೇರ ಗ್ಯಾರೇಜಿಗೆ ಹೋಯಿತು. ಗೌಸ್ ಮೇಸ್ತ್ರಿ ತೊಲೆ ಕೊಯ್ದ. ಬೆಳಕು ಒಳಗೆ ಬಂತು, ಹಿಂದೆಯೇ ಗೌರಕ್ಕನ ಕೈ. ನನ್ನ ಮೈಯ ತುಕ್ಕು ಒರೆಸಿ ಅವರಿಬ್ಬರೂ ಹಳೆಯ ತೂತು ಮುಚ್ಚಿದ್ದ ತೇಪೆ ತಗಡಿನತ್ತ ನೋಡಿದರು.

"ಅತ್ತಿ ತಗಡಿನ ಮ್ಯಾಲ ಇಟ್ಟಾಳ" ಎಂದಳು ಗೌರಕ್ಕ. "ಅರಿವಿ ಇಲ್ಲದ."

"ನಮ್ಮ ಬೆರಳ ಮುರಿಯೂಹಂಗ ಹೊಡೀತಿದ್ಲಲ್ಲ" ಎಂದು ಲಗಮವ್ವ ನಕ್ಕಳು. ನಗುತ್ತ ನಗುತ್ತ ಇಬ್ಬರಿಗೂ ಅಳು ಬಂತು.

"ನಿನ್ನ ಗಾಡ್ಯಾಗ ಸಿಕ್ಕೈತಿ, ನೀನ ಇಟ್ಕೊ."

"ಸಿಕ್ಕಿದ್ದು ನಿನ್ನ ಕಿವಿಗೆ. ನೀನ ಒಯ್ಯಿ."

ಹೀಗೆ ಈಗ ನನಗೆ ಎರಡು ಮನೆ. ಪಿಕಪ್ ಇನ್ನೂ ಆರು ವರ್ಷ ಓಡಿ, ಸದ್ದಿಲ್ಲದೆ ಗುಜರಿ ಸೇರಿತು. ನನ್ನ ಒಂದು ಮಗ್ಗುಲು ಸವೆದಿದೆ, ಕೆಲಸ ಕಡಿಮೆ. ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಕೊಡ ಬಡಿಯಲು ಕೂತರೆ ಬಡಿತಕ್ಕಿಂತ ಮಾತೇ ಹೆಚ್ಚು. ಮಾತಿನ ಭರದಲ್ಲಿ ಗೌರಕ್ಕ ಎಷ್ಟೋ ಸಲ ನನ್ನನ್ನು ಬರಿ ನೆಲಕ್ಕೇ ಇಟ್ಟುಬಿಡುತ್ತಾಳೆ. ಲಗಮವ್ವ ನೋಡಿಯೂ ನೋಡದಂತೆ ಮಾತು ಮುಂದುವರಿಸುತ್ತಾಳೆ. ನಾನಂತೂ ಸತ್ತೆವ್ವನ ಗುಟ್ಟನ್ನೇ ಕಾಯ್ದವನು, ಇದನ್ನೂ ಯಾರಿಗೂ ಹೇಳುವುದಿಲ್ಲ.